ಬಸ್ಸಿಗೂ ಒಂದು ಜಮಾಬಂದಿ



ಬಿಡದಿ ಬಳಿಯ ಬೈರಮಂಗಲದ ಹೆಸರು ಈಚೆಗೆ ಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ವೃಷಭಾವತಿ ಹೊತ್ತು ತಂದ ಬೆಂಗಳೂರಿನ ಕೊಳಚೆ ತುಂಬಿ ನೊರೆಯೆದ್ದ ಕೆರೆ ಒಂದು. ಬಿಡದಿ ಉಪನಗರಕ್ಕೆ ಭೂಮಿ ಬಿಟ್ಟುಕೊಡುವುದಿಲ್ಲವೆಂದು ಧರಣಿ ಕೂತ ರೈತರು ಇನ್ನೊಂದು. ಎರಡೂ ದೊಡ್ಡ ವಿಷಯವೇ. ನಾನು ಈ ಹೊತ್ತು ಎತ್ತಿಕೊಂಡಿರುವುದು ಸುದ್ದಿಯಾಗದ ಮೂರನೆಯದೊಂದನ್ನು. ಇಂಥ ಊರುಗಳಿಗೆ ಓಡಾಡುವ ಕೆಂಪು ಬಸ್ಸು, ಅದರ ಹಿಂದಿರುವ ಸಾರ್ವಜನಿಕರ ದುಡ್ಡು, ಆ ದುಡ್ಡನ್ನು ಯಾರು ಯಾರು ಕಾಯುತ್ತಾರೆ ಎನ್ನುವುದು.

ಕಾಯುವವರಿಗೇನೂ ಬರವಿಲ್ಲ. ಹಾರೋಹಳ್ಳಿಯಿಂದ ಬಿಡದಿ ಕಡೆಗೆ ಹೊರಟ ಬಸ್ಸನ್ನು ನಡುದಾರಿಯಲ್ಲಿ ತಪಾಸಣೆಯವರು ಕೈ ಅಡ್ಡಹಿಡಿದು ನಿಲ್ಲಿಸಿದರು ಅಂತಿಟ್ಟುಕೊಳ್ಳಿ. ಒಬ್ಬರು ಮುಂದಿನ ಬಾಗಿಲಿಗೆ, ಇನ್ನೊಬ್ಬರು ಹಿಂದಿನ ಬಾಗಿಲಿಗೆ. ಕಂಡಕ್ಟರ್ ಕೈಯಲ್ಲಿನ ಟಿಕೆಟ್ ಯಂತ್ರ ಮೊದಲು ಅವರ ವಶಕ್ಕೆ ಹೋಗುತ್ತದೆ. ಆಮೇಲೆ ಒಂದೊಂದೇ ಸೀಟಿನ ಟಿಕೆಟ್ಟು. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿಯುತ್ತೀರಿ, ಆ ಮೂಟೆ ಯಾರದು? ರೇಷ್ಮೆಗೂಡಿನ ಚೀಲ ಕಾಲಡಿ ಇಟ್ಟುಕೊಂಡು ರಾಮನಗರದ ಮಾರುಕಟ್ಟೆಗೆ ಹೊರಟವರು ಲಗೇಜು ಚೀಟಿ ತೋರಿಸಬೇಕು. ಕೊನೆಗೆ ಕಂಡಕ್ಟರನ ಚರ್ಮದ ಚೀಲ ಬಿಚ್ಚಿ ನೋಟು, ಚಿಲ್ಲರೆ ಎಣಿಸುತ್ತಾರೆ. ಬೆಳಗ್ಗೆ ಡ್ಯೂಟಿ ಹತ್ತುವಾಗಲೇ ಆತ ತನ್ನ ಜೇಬಿನಲ್ಲಿ ಕಾಫಿ ತಿಂಡಿಗೆಂದು ಇರುವ ಸ್ವಂತ ಹಣ ಎಷ್ಟೆಂದು ವೇಬಿಲ್ಲಿನಲ್ಲಿ ಬರೆದಿರಬೇಕು. ಬರೆದದ್ದಕ್ಕಿಂತ ಹತ್ತು ರೂಪಾಯಿ ಹೆಚ್ಚು ಸಿಕ್ಕರೂ ವಿವರಣೆ, ಕಡಿಮೆ ಸಿಕ್ಕರೂ ವಿವರಣೆ. ಲೆಕ್ಕದಲ್ಲಿ ಇಷ್ಟು ಬಿಗಿ ಇರುವ ಸರ್ಕಾರಿ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ. ತಹಶೀಲ್ದಾರರ ಕಚೇರಿಯಲ್ಲಿ ಯಾರ ಜೇಬನ್ನೂ ಹೀಗೆ ಎಣಿಸುವುದಿಲ್ಲ.

ಈ ಬಿಗಿ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದಕ್ಕೆ ನಮ್ಮ ಬೆಂಗಳೂರು–ಮೈಸೂರು ದಾರಿಯಲ್ಲೇ ಒಂದು ಸ್ವಾರಸ್ಯ ನಡೆಯಿತು. 2024ರ ಮಾರ್ಚ್‌ನಲ್ಲಿ ಅಜ್ಜಿ, ಮೊಮ್ಮಗಳು ಪಂಜರದಲ್ಲಿ ನಾಲ್ಕು ಲವ್‌ಬರ್ಡ್ಸ್ ಇಟ್ಟುಕೊಂಡು ಬೆಂಗಳೂರಿನಲ್ಲಿ ಬಸ್ಸು ಹತ್ತಿದರು. ಹೆಂಗಸರಿಬ್ಬರಿಗೂ ಉಚಿತ ಪ್ರಯಾಣದ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು. ಹಕ್ಕಿಗಳಿಗೆ ತಲಾ 111 ರೂಪಾಯಿ, ಒಟ್ಟು 444! ನಾಡೆಲ್ಲ ನಕ್ಕಿತು. ಕಂಡಕ್ಟರ್ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಾಕುಪ್ರಾಣಿ, ಹಕ್ಕಿಗಳಿಗೆ ಅರ್ಧ ಟಿಕೆಟ್ಟು ಎಂಬ ನಿಯಮ ಇದೆ. ಕೊಡದೆ ಬಿಟ್ಟಿದ್ದರೆ ಮುಂದಿನ ತಪಾಸಣೆಯಲ್ಲಿ ಮೆಮೊ ಆತನಿಗೇ ಬರುತ್ತಿತ್ತು.

ಇದು ಕೆಳಗಿನ ಕಾವಲು. ಮೇಲಿನದೂ ಸಾಮಾನ್ಯದ್ದಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳಿಂದ ರಸ್ತೆ ಸಾರಿಗೆ ಇಲಾಖೆ ಆರಂಭಿಸಿತು. ಆಗ ಅದು ಇಲಾಖೆ, ಲೆಕ್ಕ ಸರ್ಕಾರದ ಖಜಾನೆಯದೇ. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಕೇಂದ್ರದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆ ಅದರ ತಾಯಿಬೇರು. ಈ ಕಾಯಿದೆ ಓದಲು ಬೇಸರ ತರಿಸುವ ಪುಸ್ತಕವೇನಲ್ಲ. ನಿಗಮ ತನ್ನ ಬಜೆಟ್ಟನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಲೆಕ್ಕವನ್ನು ಮಹಾಲೇಖಪಾಲರು ತಪಾಸಣೆ ಮಾಡಬೇಕು. ಆ ವರದಿಯನ್ನು ಸರ್ಕಾರ ವಿಧಾನಮಂಡಲದ ಮುಂದಿಡಬೇಕು. ಅಲ್ಲಿ ಶಾಸಕರ ಸಾರ್ವಜನಿಕ ಉದ್ದಿಮೆಗಳ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಬಸ್ಸು, ಟೈರು, ಬಿಡಿಭಾಗ ಕೊಳ್ಳಲು 1999ರ ಪಾರದರ್ಶಕ ಕಾಯಿದೆಯಂತೆ ಟೆಂಡರು ಕರೆಯಬೇಕು.

ಕೆಳಗೆ ಕಂಡಕ್ಟರನ ಚೀಲ, ಮೇಲೆ ಮಹಾಲೇಖಪಾಲರ ಕಚೇರಿ. ಎರಡೂ ಕಡೆ ಕಣ್ಣಿದೆ. ಇವೆರಡರ ನಡುವೆ ಬೈರಮಂಗಲ ಇದೆ.

ಬೆಳಗ್ಗೆ ಆರೂವರೆಯ ಬಸ್ಸು ಬರಲಿಲ್ಲ ಅನ್ನಿ. ಗೂಡು ತುಂಬಿದ ಚೀಲದವರು ಆಟೊ ಹಿಡಿದರು, ಕಾಲೇಜಿನ ಹುಡುಗಿಯರು ಗೂಡ್ಸ್ ಗಾಡಿಗೆ ಕೈ ತೋರಿಸಿದರು, ಬಿಡದಿಯ ಕಾರ್ಖಾನೆಗೆ ಹೋಗುವವರಿಗೆ ಅರ್ಧ ದಿನದ ಕೂಲಿ ಹೋಯಿತು. ಡಿಪೋದಲ್ಲಿ ಅದು ಒಂದೇ ಮಾತು: ಟ್ರಿಪ್ ಕಟ್. ಚಾಲಕ ರಜೆ, ಗಾಡಿ ಕೆಟ್ಟಿದೆ, ಜಾತ್ರೆಯ ವಿಶೇಷಕ್ಕೆ ಬಸ್ಸು ಹೋಗಿದೆ, ಕಾರಣ ಏನಾದರೂ ಇರುತ್ತದೆ, ಹಲವು ಸಲ ನಿಜವಾದ ಕಾರಣವೇ ಇರುತ್ತದೆ. ಆದರೆ ಓಡದ ಬಸ್ಸು ಲೆಕ್ಕದ ತಪಾಸಣೆಗೆ ಕಾಣಿಸುವುದು ಬಹಳ ಕಷ್ಟ. ಟಿಕೆಟ್ಟು ಹರಿಯಲಿಲ್ಲ, ಆದ್ದರಿಂದ ಸೋರಿಕೆ ಇಲ್ಲ. ಡೀಸೆಲ್ ಸುಡಲಿಲ್ಲ, ಆದ್ದರಿಂದ ಖರ್ಚಿಲ್ಲ. ಹಳ್ಳಿ ದಾರಿಯಲ್ಲಿ ಕಿಲೋಮೀಟರಿಗೆ ಬರುವ ಆದಾಯ ಹೋಗುವ ಖರ್ಚಿಗಿಂತ ಕಡಿಮೆಯಿದ್ದರಂತೂ, ಆ ಟ್ರಿಪ್ ಹೊಡೆಯದೇ ಇದ್ದ ದಿನ ಪುಸ್ತಕದಲ್ಲಿ ನಷ್ಟವೇ ಕಮ್ಮಿಯಾಗಿ ಕಾಣುತ್ತದೆ. ನೂರು ರೂಪಾಯಿ ತಪ್ಪಿದ ಕಂಡಕ್ಟರನ್ನು ಹಿಡಿಯುವ ವ್ಯವಸ್ಥೆಗೆ ಒಂದಿಡೀ ಬಸ್ಸು ತಪ್ಪಿದ್ದು ಗೊತ್ತಾಗುವುದಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ. ದುಡ್ಡನ್ನು ಕಾಯುತ್ತಿದ್ದೇವೆ, ದುಡ್ಡು ಕೊಟ್ಟು ಕೊಂಡದ್ದನ್ನು ಕಾಯುತ್ತಿಲ್ಲ.

ಶಕ್ತಿ ಯೋಜನೆ ಬಂದ ಮೇಲೆ ಈ ಮಾತಿಗೆ ತೂಕ ಬಂದಿದೆ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ. 2025ರ ಜುಲೈ ಹೊತ್ತಿಗೆ ಹೀಗೆ ಕೊಟ್ಟ ಶೂನ್ಯ ಟಿಕೆಟ್ಟುಗಳು 500 ಕೋಟಿ ಮುಟ್ಟಿದವು, ಅವುಗಳ ಬೆಲೆ ಸುಮಾರು 12,600 ಕೋಟಿ ರೂಪಾಯಿ. ಭಾಗಿಸಿ ನೋಡಿ, ಒಂದು ಟಿಕೆಟ್ಟಿಗೆ ಇಪ್ಪತ್ತೈದು ರೂಪಾಯಿ ಚಿಲ್ಲರೆ ಬರುತ್ತದೆ. ಯೋಜನೆ ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಬಿಡದಿಯ ಆಸ್ಪತ್ರೆಗೆ, ರಾಮನಗರದ ಕೋರ್ಟಿಗೆ ಗಂಡನ ಜೇಬು ನೋಡದೆ ಹೊರಟ ಹೆಂಗಸನ್ನು ಕಂಡವರು ಆ ಜಗಳ ಸುಲಭವಾಗಿ ಆಡಲಾರರು. ನನ್ನ ಪ್ರಶ್ನೆ ಲೆಕ್ಕದ್ದು.

ಮೊದಲೆಲ್ಲ ಪ್ರಯಾಣಿಕನೇ ಟಿಕೆಟ್ಟಿನ ಮೊದಲ ತಪಾಸಣೆಗಾರನಾಗಿದ್ದ. ಕೊಟ್ಟ ದುಡ್ಡು ತನ್ನದು, ಹಾಗಾಗಿ ಚೀಟಿ ಸರಿಯಿದೆಯೇ, ಚಿಲ್ಲರೆ ಬಂತೇ ಎಂದು ನೋಡಿಯೇ ಕೂರುತ್ತಿದ್ದ. ಶೂನ್ಯ ಟಿಕೆಟ್ಟಿನಲ್ಲಿ ಪ್ರಯಾಣಿಸುವವಳು ಬೇರೆ, ದುಡ್ಡು ಕೊಡುವ ಸರ್ಕಾರ ಬೇರೆ. ಎರಡು ಸ್ಟೇಜ್ ಮುಂದಿನ ಊರು ಅಚ್ಚಾಗಿದ್ದರೂ ಆಕೆಗೆ ಬಾಧೆಯಿಲ್ಲ. ಪ್ರಯಾಣಿಕರೇ ಇಲ್ಲದ ಚೀಟಿ ಹರಿದರಂತೂ ಕೇಳುವವರೇ ಇಲ್ಲ. ಬಿಲ್ ಬರೆಯುವುದು ನಿಗಮ, ಹಣ ಕೊಡುವುದು ಸರ್ಕಾರ, ನಿಗಮದ ಯಜಮಾನನೂ ಅದೇ ಸರ್ಕಾರ. ದಿಲ್ಲಿಯಲ್ಲಿ 2019ರಲ್ಲಿ ಗುಲಾಬಿ ಟಿಕೆಟ್ಟು ತಂದಾಗ ದೂರ ಎಷ್ಟೇ ಇರಲಿ, ಒಂದು ಚೀಟಿಗೆ ಹತ್ತು ರೂಪಾಯಿ ಎಂದು ಕಟ್ಟಿಹಾಕಿದರು. ನಗರದ ಒಳಗೆ ಅದು ನಡೆದೀತು. ಚನ್ನಪಟ್ಟಣದಿಂದ ಬೀದರಿಗೆ ಹೋಗಬಹುದಾದ ನಮ್ಮ ಟಿಕೆಟ್ಟಿಗೆ ಅದು ಒಗ್ಗುವುದಿಲ್ಲ. ಇಲ್ಲಿ ನಿಜವಾದ ದರವನ್ನೇ ಲೆಕ್ಕ ಹಿಡಿಯಬೇಕು. ಹಾಗಾದರೆ ಆ ಲೆಕ್ಕವನ್ನು ಹೊರಗಿನವರೊಬ್ಬರು ಆಗಾಗ ತಾಳೆ ನೋಡಬೇಕು.

ಕೊಡುವವನ ಮೇಲೂ ಕಣ್ಣಿಡಬೇಕು, ಇದನ್ನು ಸಾಮಾನ್ಯವಾಗಿ ಮರೆಯುತ್ತೇವೆ. ಶಕ್ತಿಗೆಂದು 2024–25ರ ಬಜೆಟ್ಟಿನಲ್ಲಿ 5,015 ಕೋಟಿ, 2025–26ಕ್ಕೆ 5,300 ಕೋಟಿ ಇಟ್ಟರು. ಟಿಕೆಟ್ಟಿನ ಬೆಲೆಗೂ ಕೈಗೆ ಬಂದ ಹಣಕ್ಕೂ ನಡುವೆ ಬಾಕಿ ಬೆಳೆಯಿತು. ಡೀಸೆಲ್ ಬಾಕಿ, ನೌಕರರ ಭವಿಷ್ಯನಿಧಿಯ ಬಾಕಿ ತೀರಿಸಲೆಂದು ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳು ಸರ್ಕಾರದ ಖಾತರಿಯ ಮೇಲೆ 2,000 ಕೋಟಿ ಸಾಲ ಎತ್ತಲು ಸಂಪುಟ ಒಪ್ಪಿತು. 2025ರ ಜನವರಿ 5ರಿಂದ ಟಿಕೆಟ್ ದರ ಶೇ. 15 ಏರಿತು, ಏರಿದ ದರವನ್ನು ಜೇಬಿನಿಂದ ಕೊಟ್ಟವರು ಹೆಚ್ಚಾಗಿ ಗಂಡಸರು. ಅದೇ ವರ್ಷದ ಆಗಸ್ಟ್ 5ರಂದು 38 ತಿಂಗಳ ವೇತನ ಬಾಕಿ ಕೇಳಿ ನೌಕರರು ಬಸ್ಸು ನಿಲ್ಲಿಸಿದರು, ಹೈಕೋರ್ಟು ಮಧ್ಯೆ ಬಂತು. 1950ರ ಕಾಯಿದೆಯ 22ನೆಯ ಕಲಂ ನಿಗಮ ವ್ಯಾಪಾರದ ನಿಯಮದಂತೆ ನಡೆಯಬೇಕು ಎನ್ನುತ್ತದೆ. 34ನೆಯದು ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡಬಹುದು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಅಳಿಯನಿಗೆ ಸಾಲಕೊಟ್ಟ ಅಂಗಡಿಯವನ ಪಾಡು. ವಸೂಲಿಗೆ ಹೋದರೆ ಮನೆ ಮುರಿಯುತ್ತದೆ, ಬಿಟ್ಟರೆ ಅಂಗಡಿ ಮುಚ್ಚುತ್ತದೆ.

ಇದೇ ಕಾಯಿದೆಯಲ್ಲಿ ಇನ್ನೊಂದು ಸಾಲಿದೆ, ಈಗ ಓದಿದರೆ ನಗು ಬರುತ್ತದೆ. ಬಡ್ಡಿ, ಲಾಭಾಂಶ, ಪ್ರಯಾಣಿಕರ ಸೌಕರ್ಯ, ಕಾರ್ಮಿಕರ ಕ್ಷೇಮ ಎಲ್ಲಕ್ಕೂ ತೆಗೆದಿಟ್ಟು ಮಿಕ್ಕ ಲಾಭವನ್ನು ನಿಗಮ ರಸ್ತೆಗಳ ಅಭಿವೃದ್ಧಿಗೆಂದು ಸರ್ಕಾರಕ್ಕೆ ಕೊಡಬೇಕಂತೆ. ಬಸ್ಸು ರಸ್ತೆಯನ್ನು ಸಾಕುತ್ತದೆ ಎಂದು ನಂಬಿದ ಕಾಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ ಬಿಡದಿ ಹತ್ತಿರದ ಕಣಿಮಿಣಿಕೆಯಲ್ಲಿ ಟೋಲ್ ಶುರುವಾದಾಗ, ಆ ದಾರಿ ಹಿಡಿದ ಕರ್ನಾಟಕ ಸಾರಿಗೆ ಬಸ್ಸುಗಳಲ್ಲಿ ತಲೆಗೆ 15 ರೂಪಾಯಿ ಬಳಕೆ ಶುಲ್ಕ ಸೇರಿತು. ಬೈಪಾಸು ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನೆಲ್ಲ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಊರೊಳಗೆ ಬಾರದೆ ಮೇಲೆ ಮೇಲೆಯೇ ಹೋಗುವ ಬಸ್ಸಿಗೆ ಸರ್ವೀಸ್ ರಸ್ತೆಯಲ್ಲಿ ನಿಂತವರು ಕೈ ಬೀಸಿ ಏನು ಬಂತು?

ಲೆಕ್ಕ ತಪಾಸಣೆಯ ವರದಿ ಇದ್ದರೆ ಸಾಲದು, ಹೊತ್ತಿಗೆ ಸರಿಯಾಗಿ ಬರಬೇಕು. ದಿಲ್ಲಿ ಸಾರಿಗೆ ನಿಗಮದ 2015–16ರಿಂದ 2021–22ರವರೆಗಿನ ಕಾರ್ಯವನ್ನು ಮಹಾಲೇಖಪಾಲರು ತಪಾಸಣೆ ಮಾಡಿದ ವರದಿ ಅಲ್ಲಿನ ವಿಧಾನಸಭೆಯ ಮೇಜಿಗೆ ಬಂದದ್ದು 2025ರ ಮಾರ್ಚ್‌ನಲ್ಲಿ, ಸರ್ಕಾರವೇ ಬದಲಾದ ಮೇಲೆ. 2009ರಿಂದ ಅಲ್ಲಿ ಬಸ್ ದರ ಏರಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನಷ್ಟದ ಗುಡ್ಡ ಅಧಿಕೃತವಾಗಿ ಕಂಡದ್ದು ಆಗ. ನಮ್ಮ ಮೆಟ್ರೊ ಕಥೆಯೂ ಹತ್ತಿರದ್ದೇ. ದರ ನಿಗದಿ ಸಮಿತಿ 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು, 2025ರ ಫೆಬ್ರವರಿ 9ರಿಂದ ಅತಿಹೆಚ್ಚಿನ ದರ 60ರಿಂದ 90 ರೂಪಾಯಿಗೆ ಜಿಗಿಯಿತು, ಗಲಾಟೆಯಾಗಿ ಕೆಲವು ದರ ಇಳಿಸಿದರು. ಯಾವ ಲೆಕ್ಕದ ಮೇಲೆ ಏರಿಸಿದರು ಎಂಬ ವರದಿ ಜನರ ಕಣ್ಣಿಗೆ ಬಿದ್ದದ್ದು ವಿಷಯ ಹೈಕೋರ್ಟಿಗೆ ಹೋದ ಮೇಲೆ, ಸೆಪ್ಟೆಂಬರ್‌ನಲ್ಲಿ. ಚಲ್ಲಘಟ್ಟದಿಂದ ಬಿಡದಿಗೆ ಮೆಟ್ರೊ ತರುವ ಮಾತು ನಡೆದಿದೆ, ಉಪನಗರದ ನಕ್ಷೆಯೂ ಸಿದ್ಧವಾಗುತ್ತಿದೆ. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡದ್ದೂ ಇದೇ ಧಾಟಿಯಲ್ಲಿ. ಸಾವಿರಾರು ಕೋಟಿಯ ಈ ಕೆಲಸಗಳು ಬೈರಮಂಗಲದ ಸುತ್ತ ಬರುವುದಾದರೆ, ಅವಕ್ಕೆ ಮೊದಲು ಈಗಿರುವ ಬಸ್ಸಿನ ಲೆಕ್ಕ ಕೇಳುವ ಅಭ್ಯಾಸವಾದರೂ ಊರಿಗೆ ಆಗಿರಲಿ.

ಈ ಮಾತು ಎತ್ತುವ ಹಕ್ಕು ಈ ಜಿಲ್ಲೆಗೆ ಇನ್ನೊಂದು ಕಾರಣಕ್ಕೂ ಇದೆ. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ಕೆಂಗಲ್ ಹನುಮಂತಯ್ಯನವರನ್ನು ನಾವು ವಿಧಾನಸೌಧಕ್ಕಾಗಿ ನೆನೆಯುತ್ತೇವೆ. 1967ರಲ್ಲಿ ಅವರು ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾದರು. ಮೊರಾರ್ಜಿ ದೇಸಾಯಿಯವರು ಮಂತ್ರಿಯಾಗಿ ಹೊರಟಾಗ ತೆರವಾದ ಸ್ಥಾನ ಅದು. ಆಯೋಗ ಸಾರ್ವಜನಿಕ ಉದ್ದಿಮೆಗಳ ಮೇಲೊಂದು, ಹಣಕಾಸು ಹಾಗೂ ಲೆಕ್ಕ ತಪಾಸಣೆಯ ಮೇಲೊಂದು ವರದಿ ಕೊಟ್ಟಿತು. ಎರಡನೆಯದರ ತಿರುಳು ಕಾರ್ಯಸಾಧನೆಯ ಬಜೆಟ್ಟು. ಸಂಬಳಕ್ಕೆ ಇಷ್ಟು, ಸಾದಿಲ್ವಾರಿಗೆ ಇಷ್ಟು ಎಂದು ಬರೆದು ಮುಗಿಸಬೇಡಿ. ಆ ಹಣದಿಂದ ಎಷ್ಟು ಕೆಲಸ ಆಗಬೇಕಿತ್ತು, ಎಷ್ಟು ಆಯಿತು ಎಂದು ಪಕ್ಕದಲ್ಲಿ ಬರೆಯಿರಿ ಎಂಬ ಮಾತು. ಮುಂದೆ 1971ರಲ್ಲಿ ಅವರೇ ರೈಲ್ವೆ ಮಂತ್ರಿಯಾದರು. ಐವತ್ತು ವರ್ಷ ಕಳೆದರೂ ಅವರ ಜಿಲ್ಲೆಯ ಬಸ್ ನಿಲ್ದಾಣದ ಗೋಡೆಯ ಮೇಲೆ ಓಡಬೇಕಾದ ಟ್ರಿಪ್ಪು ಎಷ್ಟು, ಓಡಿದ್ದು ಎಷ್ಟು ಎಂಬ ಎರಡು ಅಂಕಣ ನೋಡುವ ಭಾಗ್ಯ ನಮಗೆ ಬಂದಿಲ್ಲ.

ಮಾಡುವುದು ಕಷ್ಟವೇ? ಮಾದರಿ ಊರಲ್ಲೇ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯಬೇಕೆಂದು ನಿಯಮವಿದೆ. ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ, ಜನರ ಎದುರು ಜಮಾ ಖರ್ಚು ಓದುತ್ತಾರೆ. ಅಷ್ಟಕ್ಕೇ ಬಿಡದೆ ಎದ್ದು ಹೋಗಿ ಕಾಮಗಾರಿ ನೋಡುತ್ತಾರೆ. ಚರಂಡಿ ಇಷ್ಟು ಮೀಟರ್ ಎಂದು ಪುಸ್ತಕದಲ್ಲಿದ್ದರೆ ಟೇಪು ಹಿಡಿದು ಅಳೆಯಬಹುದು. ಬೀದಿದೀಪ ಹಾಕಿದ್ದೇವೆಂದು ಬರೆದಿದ್ದರೆ ತಲೆಯೆತ್ತಿ ನೋಡಬಹುದು. ಎಲ್ಲ ಕಡೆ ಇದು ಚೆನ್ನಾಗಿ ನಡೆಯುತ್ತದೆಂದು ನಾನು ಹೇಳುವುದಿಲ್ಲ, ಕಾಫಿ ಕುಡಿದು ಸಹಿ ಹಾಕಿ ಎದ್ದುಹೋಗುವ ಜಮಾಬಂದಿಗಳೂ ಇವೆ. ಆದರೂ ಕೆಲವೇ ಲಕ್ಷದ ಚರಂಡಿಗೆ ಊರಿನ ಎದುರು ಲೆಕ್ಕ ಒಪ್ಪಿಸುವ ಪದ್ಧತಿ ಇದೆ, ವರ್ಷವಿಡೀ ಓಡುವ ಬಸ್ಸಿಗೆ ಇಲ್ಲ.

ಬಸ್ಸಿನ ಜಮಾಬಂದಿಗೆ ಹೊಸದಾಗಿ ಕೂಡಿಹಾಕಬೇಕಾದ ಮಾಹಿತಿ ಏನೂ ಇಲ್ಲ. ಕಂಡಕ್ಟರನ ಯಂತ್ರ ಒಂದೊಂದು ಟಿಕೆಟ್ಟಿಗೂ ಹೊತ್ತು, ಹತ್ತಿದ ಸ್ಟೇಜು, ಇಳಿಯುವ ಸ್ಟೇಜು ಎಲ್ಲ ಬರೆದಿಟ್ಟುಕೊಳ್ಳುತ್ತದೆ. ಬೈರಮಂಗಲ ಸ್ಟೇಜಿನಲ್ಲಿ ಆ ದಿನದ ಮೊದಲ ಟಿಕೆಟ್ಟು ಎಷ್ಟು ಗಂಟೆಗೆ ಹರಿಯಿತು ಎಂದು ನೋಡಿದರೆ ಆರೂವರೆ ಬಸ್ಸು ಬಂತೋ, ಏಳೂಕಾಲಿಗೆ ಬಂತೋ, ಬರಲೇ ಇಲ್ಲವೋ ತಿಳಿಯುತ್ತದೆ. ತಿಂಗಳಿಗೊಂದು ಹಾಳೆ ಸಾಕು. ಓಡಬೇಕಾದ ಟ್ರಿಪ್ಪು, ಓಡಿದ್ದು, ಕಟ್ಟಾದದ್ದು, ಕಾರಣ. ಹರಿದ ಹಣದ ಟಿಕೆಟ್ಟು, ಶೂನ್ಯ ಟಿಕೆಟ್ಟು. ಅದನ್ನು ಪಂಚಾಯಿತಿ ಕಟ್ಟಡದ ಗೋಡೆಗೆ ಅಂಟಿಸಿ, ಗ್ರಾಮಸಭೆಯಲ್ಲಿ ಓದಲಿ. ಶೂನ್ಯ ಟಿಕೆಟ್ಟಿನ ಸಂಖ್ಯೆ ಉತ್ಪ್ರೇಕ್ಷೆಯಾಗಿದ್ದರೆ ಊರಿನ ಹೆಂಗಸರೇ ಹೇಳುತ್ತಾರೆ, ‘ಅಷ್ಟು ಜನ ನಮ್ಮೂರಲ್ಲೇ ಇಲ್ಲವಲ್ಲ ಸಾಮಿ’ ಅಂತ. ಮಹಾಲೇಖಪಾಲರ ಸಿಬ್ಬಂದಿಗೆ ಬೆಂಗಳೂರಿನ ಕಚೇರಿಯಲ್ಲಿ ಕೂತು ಇದು ಗೊತ್ತಾಗಲಾರದು.

ಗ್ಯಾರಂಟಿ ಯೋಜನೆಗಳಿಗೆ ಅನುಷ್ಠಾನ ಸಮಿತಿಗಳು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ರಾಜ್ಯಮಟ್ಟದ ಪ್ರಾಧಿಕಾರದ ಅಧ್ಯಕ್ಷರಾದ ಎಚ್.ಎಂ. ರೇವಣ್ಣನವರು ಮಾಗಡಿಯ ಶಾಸಕರಾಗಿದ್ದವರು, ಹಿಂದೆ ಸಾರಿಗೆ ಮಂತ್ರಿಯೂ ಆಗಿದ್ದವರು. 2025ರಲ್ಲಿ ಸಾರಿಗೆ ಸಚಿವರಾಗಿದ್ದ ರಾಮಲಿಂಗಾರೆಡ್ಡಿಯವರೇ ಈ ಜಿಲ್ಲೆಯ ಉಸ್ತುವಾರಿಯನ್ನೂ ಹೊತ್ತಿದ್ದರು. ಇದಕ್ಕಿಂತ ಅನುಕೂಲ ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ತಾಲ್ಲೂಕು ಸಮಿತಿಗಳಲ್ಲಿ ಆಳುವ ಪಕ್ಷದ ಕಾರ್ಯಕರ್ತರಿಗೆ ಗೌರವಧನ ಕೊಡುತ್ತಿದ್ದಾರೆಂದು 2025ರ ಮಾರ್ಚ್‌ನಲ್ಲಿ ವಿಧಾನಮಂಡಲದಲ್ಲಿ ದೊಡ್ಡ ಗದ್ದಲವೇ ಆಯಿತು. ಯಾವ ಪಕ್ಷ ಆಳುತ್ತಿದ್ದರೂ ಅಷ್ಟೆ, ಯೋಜನೆಯ ಹೆಸರಲ್ಲಿ ಓಟು ಕೇಳುವವರು ಅದೇ ಯೋಜನೆಯ ಕೊರತೆ ಬರೆದುಕೊಂಡು ಬರುತ್ತಾರೆಂದು ನಂಬುವುದು ಕಷ್ಟ. 1950ರ ಕಾಯಿದೆಯ 17ನೆಯ ಕಲಂ ನಿಗಮಕ್ಕೆ ಸಲಹಾ ಮಂಡಳಿಗಳನ್ನು ರಚಿಸಬಹುದೆಂದು ಹೇಳುತ್ತದೆ. ಎಪ್ಪತ್ತೈದು ವರ್ಷದಿಂದ ಪುಸ್ತಕದಲ್ಲಿರುವ ಆ ಬಾಗಿಲನ್ನು ಡಿಪೋ ಮಟ್ಟದಲ್ಲಿ ತೆಗೆಯಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಡಿಪೋಗಳಿಗೆ ಒಂದೊಂದು ಮಂಡಳಿ. ಪಾಸು ಹಿಡಿದ ವಿದ್ಯಾರ್ಥಿ, ಗೂಡು ಒಯ್ಯುವ ರೈತ, ಕಾರ್ಖಾನೆಗೆ ಹೋಗುವ ಹೆಣ್ಣುಮಗಳು, ಒಬ್ಬ ಕಂಡಕ್ಟರ್. ಕಂಡಕ್ಟರ್ ಬೇಕೇ ಬೇಕು, ಯಾವ ಟ್ರಿಪ್ ಏಕೆ ಕಟ್ಟಾಗುತ್ತದೆ ಎಂಬ ಒಳಗುಟ್ಟು ಅವನಿಗೇ ಗೊತ್ತಿರುವುದು.

ಮಂಡಳಿ ಬರುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಯ ಕೆಳಗಿದ್ದರೆ ಅದೂ ಇಲ್ಲ. ನಿಗಮದ ರಾಮನಗರ ವಿಭಾಗ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಬೈರಮಂಗಲ ಮಾರ್ಗದ ಶೆಡ್ಯೂಲುಗಳು ಯಾವುವು, ಕಳೆದ ಮೂರು ತಿಂಗಳಲ್ಲಿ ದಿನವಾರು ನಿಗದಿಯಾದ ಟ್ರಿಪ್ಪೆಷ್ಟು, ಓಡಿದ್ದೆಷ್ಟು, ಕಟ್ಟಾದದ್ದಕ್ಕೆ ಕಾರಣ ಏನು. ಮೂವತ್ತು ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಇದೆ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಕಟ್ಟು ಉಂಟು: ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಇದನ್ನು ಬರೆಯಲು ಅಷ್ಟೇನೂ ಬೇಕಾಗುವುದಿಲ್ಲ.